ಬೀಗದ ಕೈ ಕೊಟ್ಟೆ, ಹೊಣೆ ಹೋಗಲಿಲ್ಲ: ಬಾಡಿಗೆ ಮನೆ ನೋಡಿಕೊಳ್ಳುವ ಸೇವೆಯೊಂದರ ಜೊತೆ 26 ತಿಂಗಳು

ಐದರಲ್ಲಿ ಎರಡು ಸ್ಟಾರ್ ಕೊಡುತ್ತಿದ್ದೇನೆ. ಆ ಎರಡು ಯಾಕೆ ಅಂತ ಮೊದಲು ಹೇಳುತ್ತೇನೆ. ಉಳಿದ ಮೂರರ ಕಥೆ ಸ್ವಲ್ಪ ಉದ್ದ ಇದೆ.

ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. 19 ವರ್ಷದಿಂದ ರಕ್ತ ಪರೀಕ್ಷೆ ಮಾಡುವುದೇ ಕೆಲಸ. ಸಾಲ ಮಾಡಿ ಎರಡು ಬೆಡ್‌ರೂಮಿನ ಒಂದು ಫ್ಲಾಟ್ ತಗೊಂಡೆ. ವಾಸಕ್ಕಲ್ಲ, ಬಾಡಿಗೆಗೆ ಕೊಡಲು. ನಾನಿರುವ ಊರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಏಳು ಗಂಟೆ ದಾರಿ. ನನ್ನದು ಪಾಳಿ ಕೆಲಸ ಬೇರೆ. ನಲ್ಲಿ ಸೋರಿದರೆ ಓಡಿ ಹೋಗಿ ನೋಡುವುದು ಆಗದ ಮಾತು. ಅದಕ್ಕೇ ಮನೆ ನೋಡಿಕೊಳ್ಳುವ ಒಂದು ಕಂಪನಿಗೆ ಬೀಗದ ಕೈ ಕೊಟ್ಟೆ. ಕಂಪನಿಯ ಹೆಸರು ಬರೆಯುವುದಿಲ್ಲ. ನಮ್ಮ ಲೆಕ್ಕ ಇನ್ನೂ ಮುಗಿದಿಲ್ಲ. ಅಲ್ಲದೆ ನಾನು ಹೇಳಬೇಕಾಗಿರುವುದು ಇಂಥ ಯಾವ ಕರಾರಿಗೆ ಸಹಿ ಹಾಕುವವರಿಗೂ ಬೇಕಾಗುವ ಮಾತು.

ನಾನು ತಗೊಂಡಿದ್ದು ಅವರ ‘ಪೂರ್ತಿ ಜವಾಬ್ದಾರಿ’ ಪ್ಲಾನ್. ತಿಂಗಳ ಬಾಡಿಗೆಯಲ್ಲಿ ಶೇ 10 ಅವರ ಶುಲ್ಕ. ಹೊಸ ಬಾಡಿಗೆದಾರರನ್ನು ಹುಡುಕಿ ಕೊಟ್ಟಾಗಲೆಲ್ಲ ಒಂದು ತಿಂಗಳ ಬಾಡಿಗೆ ಅವರಿಗೆ. ಬಾಡಿಗೆ ವಸೂಲಿ, ರಿಪೇರಿ, ಅಸೋಸಿಯೇಷನ್‌ಗೆ ಕಟ್ಟುವ ಮೇಂಟೆನೆನ್ಸ್, ಮನೆ ಬಿಡುವಾಗ ಅಡ್ವಾನ್ಸ್ ಲೆಕ್ಕ, ಎಲ್ಲವೂ ಅವರದ್ದೇ.

ಒಳ್ಳೆಯದನ್ನು ಮನಸ್ಸಿಟ್ಟು ಹೇಳುತ್ತೇನೆ. ಮೊದಲ ಬಾಡಿಗೆದಾರರನ್ನು 12 ದಿನದಲ್ಲಿ ಹುಡುಕಿದರು. ತಕರಾರಿಲ್ಲದ ಸಂಸಾರ. ಪ್ರತಿ ತಿಂಗಳು 5ನೇ ತಾರೀಕು ನನ್ನ ಖಾತೆಗೆ ಹಣ, ಜೊತೆಗೆ ಒಂದು ಪುಟದ ಲೆಕ್ಕ. 26 ತಿಂಗಳಲ್ಲಿ ಒಂದು ಸಲವೂ ಆ ತಾರೀಕು ತಪ್ಪಲಿಲ್ಲ. ಬಾಡಿಗೆದಾರರು ಒಳಗೆ ಬರುವ ಮೊದಲು ಮನೆಯ 64 ಫೋಟೋ ತೆಗೆದಿದ್ದರು. ಗೋಡೆಯ ಮೂಲೆ, ಸಿಂಕಿನ ಕೆಳಗೆ, ಕಿಟಕಿಯ ಚಿಲಕ, ಯಾವುದನ್ನೂ ಬಿಟ್ಟಿರಲಿಲ್ಲ. ಇಷ್ಟು ಚೊಕ್ಕವಾಗಿ ನಾನೇ ಮಾಡುತ್ತಿರಲಿಲ್ಲ. ಎರಡು ಸ್ಟಾರ್ ಇದಕ್ಕೆ.

ಈಗ ಜಾಹೀರಾತಿನ ಮಾತಿಗೆ ಬರೋಣ. ‘ಮನೆ ಖಾಲಿ ಇದ್ದರೂ ಬಾಡಿಗೆ ಖಾತ್ರಿ’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದರು. ನನ್ನನ್ನು ಸೆಳೆದದ್ದೂ ಅದೇ. ಮೊದಲ ಸಂಸಾರ ಹತ್ತು ತಿಂಗಳಿಗೆ ಮನೆ ಬಿಟ್ಟಿತು. ಮನೆ 36 ದಿನ ಖಾಲಿ ಇತ್ತು. ಖಾತ್ರಿ ಬಾಡಿಗೆ ಎಲ್ಲಿ ಅಂತ ಕೇಳಿದೆ. ಕರಾರಿನ 6ನೇ ಷರತ್ತು ಓದಿ ಅಂದರು. ಓದಿದೆ. ಖಾತ್ರಿ ಶುರುವಾಗುವುದೇ 60 ದಿನ ಖಾಲಿ ಉಳಿದ ಮೇಲೆ. ಆಗಲೂ ಒಂದೇ ತಿಂಗಳ ಬಾಡಿಗೆ. ಅವರು ತೋರಿಸಿದ ಯಾರನ್ನಾದರೂ ನಾನು ಬೇಡ ಅಂದಿದ್ದರೆ ಅದೂ ಇಲ್ಲ.

ಖಾಲಿ ತಿಂಗಳು ಎಷ್ಟು ಭಾರ ಅಂತ ಬಾಡಿಗೆ ಮನೆಗೆ ಹಣ ಹಾಕುವ ಪ್ರತಿಯೊಬ್ಬರೂ ಕೂತು ಲೆಕ್ಕ ಹಾಕಬೇಕು. ಬಾಡಿಗೆ 100 ಅಂತಿಟ್ಟುಕೊಳ್ಳಿ. ಬ್ಯಾಂಕಿನ ಕಂತು 80, ಕಂಪನಿಗೆ 10. ಕೈಯಲ್ಲಿ ಉಳಿಯುವುದು ತಿಂಗಳಿಗೆ 10, ವರ್ಷಕ್ಕೆ 120. ಒಂದು ತಿಂಗಳು ಖಾಲಿ ಬಿತ್ತು ಅನ್ನಿ. ಬಾಡಿಗೆ 1,100 ಬರುತ್ತದೆ. ಕಂತು ಮಾತ್ರ 960 ಕಟ್ಟಲೇಬೇಕು. ಶುಲ್ಕ 110. ಉಳಿದದ್ದು 30. ಹೊಸ ಬಾಡಿಗೆದಾರರನ್ನು ಹುಡುಕಿದ್ದಕ್ಕೆ 100 ಕೊಟ್ಟರೆ 70 ಕೈಯಿಂದ ಹೋಯಿತು. ಇದರಲ್ಲಿ ರಿಪೇರಿ ಇಲ್ಲ, ತೆರಿಗೆ ಇಲ್ಲ, ಇನ್ಶೂರೆನ್ಸ್ ಇಲ್ಲ. ಒಂದೇ ಒಂದು ಖಾಲಿ ತಿಂಗಳು ಒಂದು ವರ್ಷದ ಲಾಭವನ್ನು ತಿಂದು ಇನ್ನೂ ಕೇಳುತ್ತದೆ. ನನಗೆ ಆಗಿದ್ದೂ ಹೆಚ್ಚು ಕಡಿಮೆ ಇದೇ. ಸಾಲ ಜಾಸ್ತಿ ಇದ್ದಷ್ಟೂ ಈ ಏಟು ಜೋರು. ಮನೆ ಖಾಲಿ ಇದ್ದರೆ ಕಂಪನಿಗೆ ತಪ್ಪುವುದು ಆ ತಿಂಗಳ ಹತ್ತು ಮಾತ್ರ. ಬಾಡಿಗೆದಾರರು ಬದಲಾದರೆ ಅವರಿಗೆ ನೂರು ಸಿಗುತ್ತದೆ. ಇದರಲ್ಲಿ ಅವರು ಮೋಸ ಮಾಡಿದರು ಅಂತ ಹೇಳುತ್ತಿಲ್ಲ. ಆದರೆ ಒಬ್ಬರೇ ಬಾಡಿಗೆದಾರರು ವರ್ಷಗಟ್ಟಲೆ ಇರಲಿ ಅನ್ನುವ ಆಸೆ ನನಗಿದ್ದಷ್ಟು ಅವರಿಗೆ ಇರಲು ಕಾರಣವೇ ಇಲ್ಲ, ಅಲ್ವಾ?

ಆ ಮೊದಲ ಸಂಸಾರ ಮನೆ ಬಿಟ್ಟಾಗ ಕಂಪನಿಯವರು ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಅಂತ ಒಂದಷ್ಟು ಹಿಡಿದುಕೊಂಡರು. ನನಗೆ ಲೆಕ್ಕದ ಹಾಳೆಯಲ್ಲಿ ಕಂಡಾಗಲೇ ಗೊತ್ತಾಗಿದ್ದು. ಅವರೇ ತೆಗೆದ 64 ಫೋಟೋ ತೆರೆದು ನೋಡಿದೆ. ಹಾಲ್‌ನ ಗೋಡೆಯ ಕಲೆ ಮೊದಲೇ ಇತ್ತು. ಉಳಿದದ್ದು ಮನುಷ್ಯರು ಬದುಕಿದ ಮನೆಯಲ್ಲಿ ಬರುವ ಸಾಮಾನ್ಯ ಸವಕಳಿ. ಅದಕ್ಕೆ ಅಡ್ವಾನ್ಸ್ ಮುರಿದುಕೊಳ್ಳುವುದು ತಪ್ಪು. ಬಹಳ ಕಡೆ ಕಾನೂನೂ ಒಪ್ಪುವುದಿಲ್ಲ. ಎರಡು ವಾರ ಬೆನ್ನು ಬಿದ್ದ ಮೇಲೆ ವಾಪಸ್ ಕೊಟ್ಟರು. ಆ ಸಂಸಾರದ ಕಣ್ಣಿಗೆ ಹಣ ಹಿಡಿದವಳು ನಾನು. ಕರಾರಿನಲ್ಲಿ ಹೆಸರು ಇರುವುದು ನನ್ನದೇ ತಾನೆ?

ಇನ್ನೊಂದು ಸಣ್ಣ ವಿಷಯ. ಮೇಂಟೆನೆನ್ಸ್ ಹಣ ಬಾಡಿಗೆಯಲ್ಲೇ ಹಿಡಿದುಕೊಂಡು ಅಸೋಸಿಯೇಷನ್‌ಗೆ ಅವರು ಕಟ್ಟಬೇಕಿತ್ತು. ಮೂರು ಸಲ ತಡವಾಗಿ ಕಟ್ಟಿದರು. ಅಸೋಸಿಯೇಷನ್ ದಂಡ ಹಾಕಿತು. ಅವರು ಆ ದಂಡವನ್ನು ‘ಇತರೆ’ ಅನ್ನುವ ಸಾಲಿನಲ್ಲಿ ಸೇರಿಸಿ ನನ್ನಿಂದಲೇ ಮುರಿದುಕೊಂಡಿದ್ದರು. ಅದೇ ಬಾಡಿಗೆದಾರರು ಬಾಡಿಗೆ ತಡ ಮಾಡಿದರೆ ದಿನದ ಲೆಕ್ಕದಲ್ಲಿ ದಂಡ. ಆ ದಂಡ ಕಂಪನಿಗೆ ಸೇರುತ್ತದೆ, ನನಗಲ್ಲ. ಲೆಕ್ಕದ ಹಾಳೆಯಲ್ಲಿ ‘ಇತರೆ’ ಕಂಡರೆ ಬಿಡಬೇಡಿ. ಬಿಲ್ ಕೇಳಿ.

ಇಲ್ಲಿಯವರೆಗಿನದ್ದೆಲ್ಲ ಹಣದ ಮಾತು. ಇಷ್ಟೇ ಆಗಿದ್ದರೆ ಮೂರು ಸ್ಟಾರ್ ಕೊಟ್ಟು ಸುಮ್ನೆ ಇರುತ್ತಿದ್ದೆ.

ಎರಡನೇ ಬಾಡಿಗೆದಾರರು 12ನೇ ತಿಂಗಳಲ್ಲಿ ಬಂದರು. ಗಂಡ, ಹೆಂಡತಿ, ಗಂಡನ ತಾಯಿ. ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರ್ ಇತ್ತು. ನಾನು ಫ್ಲಾಟ್ ಕೊಂಡಾಗಲೇ ಇದ್ದದ್ದು. ಮನೆ ಖಾಲಿ ಇದ್ದ ದಿನಗಳಲ್ಲಿ ಬಚ್ಚಲಿನ ವೆಂಟಿಲೇಟರ್‌ನಲ್ಲಿ ಪಾರಿವಾಳ ಗೂಡು ಕಟ್ಟಿದೆ ಅಂತ ಆ್ಯಪ್‌ನಲ್ಲಿ ಒಂದು ಮೆಸೇಜ್ ಬಂದಿತ್ತು. ‘ಗೂಡು ತೆಗೆದು ಶೀಟ್ ಹಾಕಿ ಮುಚ್ಚುವುದು, ಒಪ್ಪಿಗೆ ಇದೆಯೇ?’ ನಾನು ರಾತ್ರಿ ಪಾಳಿಯಲ್ಲಿದ್ದೆ. ಸ್ಯಾಂಪಲ್ ಸಾಲುಗಟ್ಟಿ ಕೂತಿದ್ದವು. ಸಣ್ಣ ಖರ್ಚು. ಹೂಂ ಅಂತ ಒತ್ತಿದೆ.

ಆ ಶೀಟ್ ಮುಚ್ಚಿದ್ದು ಗೀಸರ್‌ನ ಹೊಗೆ ಹೊರಗೆ ಹೋಗುವ ದಾರಿಯನ್ನು.

ಚಳಿಗಾಲ ಬಂತು. ಬೇಸಿಗೆಯಲ್ಲಿ ಬಾಗಿಲು ಅರ್ಧ ತೆರೆದು ಸ್ನಾನ ಮಾಡುವವರೂ ಚಳಿಗೆ ಎಲ್ಲ ಮುಚ್ಚಿಕೊಳ್ಳುತ್ತಾರೆ. ಬಿಸಿನೀರೂ ಜಾಸ್ತಿ ಹೊತ್ತು ಬಿಡುತ್ತಾರೆ. 16ನೇ ತಿಂಗಳಲ್ಲಿ ಆ ಹೆಣ್ಣುಮಗಳು ಆ್ಯಪ್‌ನಲ್ಲಿ ದೂರು ಹಾಕಿದ್ದಳು. ಸ್ನಾನ ಮಾಡಿ ಬಂದರೆ ಎಲ್ಲರಿಗೂ ತಲೆ ಸಿಡಿಯುತ್ತದೆ, ಅತ್ತೆಗೆ ವಾಂತಿ ಬಂದ ಹಾಗಾಗುತ್ತದೆ, ಗೀಸರ್ ನೋಡಿ ಅಂತ. ಕಂಪನಿ ಅದಕ್ಕೆ ‘ಸಾಮಾನ್ಯ’ ಅಂತ ಗುರುತು ಹಾಕಿತು. ಪ್ಲಂಬರ್ ಬಂದಿದ್ದು ಒಂಬತ್ತನೇ ದಿನ. ಬರ್ನರ್ ಒರೆಸಿ, ದೂರು ಮುಗಿಯಿತು ಅಂತ ಬರೆದು ಹೋದ. ತಲೆಯೆತ್ತಿ ವೆಂಟಿಲೇಟರ್ ನೋಡಲಿಲ್ಲ. ಆ ದೂರು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮಾಲೀಕರಿಗೆ ಕಾಣುವುದು ಖರ್ಚಿನ ಒಪ್ಪಿಗೆ ಬೇಕಾದ ದೂರುಗಳು ಮಾತ್ರ.

ನನಗೆ ಕಂಡಿದ್ದರೆ? ತಲೆನೋವು, ವಾಕರಿಕೆ, ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ, ಗ್ಯಾಸ್ ಉರಿಯುವ ಜಾಗದಲ್ಲಿ, ಹೊರಗೆ ಹೋದರೆ ಕಡಿಮೆ. ಲ್ಯಾಬ್‌ನಲ್ಲಿ ಕೂತವರಿಗೆ ಇದರ ಹೆಸರು ಗೊತ್ತು. ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ದೇಹಕ್ಕೆ ಆಕ್ಸಿಜನ್ ಸಿಗುವುದಿಲ್ಲ.

ಪ್ಲಂಬರ್ ಬಂದು ಹೋದ ಮೂರನೇ ದಿನ ಅತ್ತೆ ಬಚ್ಚಲಿನಲ್ಲೇ ಬಿದ್ದರು. ಪುಣ್ಯಕ್ಕೆ ಚಿಲಕ ಹಾಕಿರಲಿಲ್ಲ. ಸೊಸೆ ಹೊರಗೆ ಎಳೆದು ಬಾಲ್ಕನಿಗೆ ಕರೆದುಕೊಂಡು ಬಂದಳು. ಕಂಪನಿಯ ತುರ್ತು ನಂಬರ್‌ಗೆ ಮಾಡಿದರೆ ‘ನಿಮ್ಮ ದೂರು ದಾಖಲಾಗಿದೆ’ ಅನ್ನುವ ಧ್ವನಿ. ಕೊನೆಗೆ ಅಸೋಸಿಯೇಷನ್ ಆಫೀಸಿನಿಂದ ನನ್ನ ನಂಬರ್ ತಗೊಂಡು ಫೋನ್ ಮಾಡಿದಳು.

‘ಮೇಡಂ, ನಿಮಗೆ ಫೋನ್ ಮಾಡಬಾರದು ಅಂತ ಕರಾರಿನಲ್ಲಿದೆ. ಕ್ಷಮಿಸಿ. ಬೇರೆ ದಾರಿ ಇರಲಿಲ್ಲ.’

ಅವಳು ಹೇಳಿದ ಮೊದಲ ಮಾತು ಇದು. ಅತ್ತೆ ಬಿದ್ದದ್ದು ಆಮೇಲೆ ಹೇಳಿದಳು. ಈ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ನಿಜ, ಕರಾರಿನ 14ನೇ ಷರತ್ತು ಅದು. ಮಾಲೀಕರು ಬಾಡಿಗೆದಾರರ ಜೊತೆ ನೇರವಾಗಿ ವ್ಯವಹರಿಸುವಂತಿಲ್ಲ. ವ್ಯವಹರಿಸಿದರೆ ಒಂದು ತಿಂಗಳ ಶುಲ್ಕ ದಂಡ. ಬಾಡಿಗೆದಾರರ ಕರಾರಿನಲ್ಲೂ ಇಂಥದೇ ಒಂದು ಸಾಲು. ಮಧ್ಯದವರನ್ನು ಬಿಟ್ಟು ಇಬ್ಬರೂ ಒಂದಾಗಿಬಿಟ್ಟರೆ ಅಂತ ಅವರಿಗೆ ಭಯ. ವ್ಯಾಪಾರದ ದೃಷ್ಟಿಯಿಂದ ಅರ್ಥ ಆಗುತ್ತದೆ. ಆದರೆ ಅದೇ ಸಾಲು ಒಬ್ಬ ಹೆಣ್ಣುಮಗಳನ್ನು 12 ದಿನ ನನ್ನಿಂದ ದೂರ ಇಟ್ಟಿತು. ಅವಳು ಒಂದನೇ ದಿನವೇ ಫೋನ್ ಮಾಡಿದ್ದರೆ ಹತ್ತು ನಿಮಿಷದಲ್ಲಿ ಗೀಸರ್ ಆಫ್ ಮಾಡಿಸುತ್ತಿದ್ದೆ.

ಕಿಟಕಿ ಎಲ್ಲ ತೆಗೆಯಿರಿ, ಗ್ಯಾಸ್ ಮುಚ್ಚಿ, ಎಲ್ಲರೂ ಹೊರಗೆ ಬನ್ನಿ, ಈಗಲೇ ಆಸ್ಪತ್ರೆಗೆ ಹೋಗಿ ಅಂದೆ. ಅಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ ಅಂದೆ. ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡಿದೆ ಅಂತ ನೋಡುವ ರಕ್ತ ಪರೀಕ್ಷೆ ಅದು. ಇದು ಬಹಳ ಮುಖ್ಯ, ಅದಕ್ಕೇ ಬರೆಯುತ್ತಿದ್ದೇನೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್‌ಗೆ ಅಂಟಿರುವುದು ಆಕ್ಸಿಜನ್ನೋ ಕಾರ್ಬನ್ ಮಾನಾಕ್ಸೈಡೋ ಅನ್ನುವ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು 98 ಅಂತ ತೋರಿಸುತ್ತಿರುತ್ತದೆ, ರೋಗಿಗೆ ಉಸಿರು ಕಟ್ಟುತ್ತಿರುತ್ತದೆ. ರಕ್ತ ತಗೊಳ್ಳುವುದು ತಡ ಆದರೂ ಕಷ್ಟ. ಒಳ್ಳೆ ಗಾಳಿಗೆ ಬಂದ ಮೇಲೆ ರಕ್ತದಲ್ಲಿ ಅದರ ಪ್ರಮಾಣ ನಾಲ್ಕೈದು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಸಿಗರೇಟು ಸೇದದವರಲ್ಲಿ ಇದು ಸಾಮಾನ್ಯವಾಗಿ ಶೇ 3ರ ಒಳಗೇ ಇರುತ್ತದೆ. ಆ ತಾಯಿಗೆ 14 ಬಂತು. ಬಿದ್ದು ಎರಡು ಗಂಟೆ ಆದ ಮೇಲೆ ತೆಗೆದ ರಕ್ತದಲ್ಲಿ. ಆಕ್ಸಿಜನ್ ಕೊಟ್ಟು ಒಂದು ರಾತ್ರಿ ಇಟ್ಟುಕೊಂಡರು. ಈಗ ಚೆನ್ನಾಗಿದ್ದಾರೆ.

ರಜೆ ಹಾಕಿ ಹೋದೆ. ಶೀಟ್ ಕಿತ್ತು ತೆಗೆಸಿದೆ. ಗ್ಯಾಸ್ ಗೀಸರ್ ಪೂರ್ತಿ ತೆಗೆಸಿ ಕರೆಂಟ್ ಗೀಸರ್ ಹಾಕಿಸಿದೆ. ಅದಕ್ಕೆ 30 ಮಿಲಿಆಂಪಿಯರ್ ಕರೆಂಟ್ ಸೋರಿದರೆ ತಾನೇ ಕಟ್ ಆಗುವ ಬ್ರೇಕರ್ ಹಾಕಿಸಿದೆ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇದೆಯಲ್ಲ, ಹಾಗಾಗಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನೂ ಗೋಡೆಗೆ ಹಾಕಿಸಿದೆ. ಆಸ್ಪತ್ರೆ ಬಿಲ್ ನಾನು ಕಟ್ಟಿದೆ. ಒಂದು ತಿಂಗಳ ಬಾಡಿಗೆ ಬೇಡ ಅಂದೆ. ನಾನೇನು ಉಪಕಾರ ಮಾಡಲಿಲ್ಲ. ಹೂಂ ಅಂತ ಒತ್ತಿದ ಬೆರಳು ನನ್ನದು. ಗೀಸರ್ ಎಲ್ಲಿದೆ, ಹೊಗೆ ಎಲ್ಲಿಂದ ಹೋಗುತ್ತದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಆ ತಾಯಿಯ ಎದುರು ಕೂತು ಇದನ್ನೇ ಹೇಳಿದೆ.

ಆಮೇಲೆ ಕಂಪನಿಯವರ ಹತ್ತಿರ ಹೋದೆ. ಮುಚ್ಚಿದವರು ನೀವು, ದೂರನ್ನು ಒಂಬತ್ತು ದಿನ ಇಟ್ಟುಕೊಂಡವರು ನೀವು, ಬಂದು ನೋಡದೆ ಹೋದವರು ನೀವು. ನಿಮ್ಮ ಪಾಲು ಏನು? ಅವರು 11ನೇ ಷರತ್ತು ತೋರಿಸಿದರು. ಯಾವುದೇ ಕಾರಣಕ್ಕೂ ಕಂಪನಿಯ ಹೊಣೆ ಒಂದು ತಿಂಗಳ ಶುಲ್ಕ ಮೀರುವುದಿಲ್ಲ. ಅಂದರೆ ಒಂದು ತಿಂಗಳ ಬಾಡಿಗೆಯ ಹತ್ತರಲ್ಲಿ ಒಂದು ಪಾಲು. ಒಬ್ಬ ತಾಯಿ ಪ್ರಜ್ಞೆ ತಪ್ಪಿ ಬಿದ್ದದ್ದಕ್ಕೆ ಅಷ್ಟು. ಅದರ ಕೆಳಗಿನ ಸಾಲು ಇನ್ನೂ ಕಠಿಣ. ಮೂರನೆಯವರು ಕಂಪನಿಯ ಮೇಲೆ ಕೇಸು ಹಾಕಿದರೆ ಆ ಖರ್ಚೂ ಮಾಲೀಕರದ್ದೇ. ನಾನು ಬೇಡ ಅಂದ ತಿಂಗಳ ಬಾಡಿಗೆಗೂ ಅವರು ಶೇ 10 ಹಿಡಿದುಕೊಂಡರು. ಬಾಡಿಗೆ ಬಿಟ್ಟುಕೊಟ್ಟಿದ್ದು ನಿಮ್ಮ ಇಷ್ಟ ಅಂದರು.

ಇನ್ಶೂರೆನ್ಸ್ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಅದು ಬೆಂಕಿಗೆ, ನೀರು ನುಗ್ಗಿದ್ದಕ್ಕೆ. ಬಾಡಿಗೆದಾರರಿಗೆ ಪೆಟ್ಟಾದರೆ ಮಾಲೀಕರ ಹೊಣೆ ಹೊರುವ ಭಾಗವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು. ನಾನು ಸೇರಿಸಿರಲಿಲ್ಲ. ಈಗ ಸೇರಿಸಿದ್ದೇನೆ.

ನನ್ನ ತಂಗಿ ಇತಿಹಾಸದ ಮೇಷ್ಟ್ರು. ಅವಳಿಗೆ ಫೋನ್‌ನಲ್ಲಿ ಇದೆಲ್ಲ ಹೇಳಿಕೊಂಡು ಅತ್ತುಬಿಟ್ಟೆ. ‘ಅಕ್ಕಾ, ಸುಮಾರು 3,700 ವರ್ಷದ ಹಿಂದೆ ಬ್ಯಾಬಿಲೋನಿನ ಹಮ್ಮುರಾಬಿಗೇ ಇದು ಗೊತ್ತಿತ್ತು’ ಅಂದಳು. ಅವನ ಕಾನೂನಿನ ಪ್ರಕಾರ ಮನೆ ಕಟ್ಟಿದವನು ಗಟ್ಟಿಯಾಗಿ ಕಟ್ಟದೆ ಗೋಡೆ ವಾಲಿದರೆ ಅವನೇ ತನ್ನ ಬೆಳ್ಳಿ ಹಾಕಿ ಸರಿ ಮಾಡಿಕೊಡಬೇಕು. ಮನೆ ಕುಸಿದು ಒಡೆಯ ಸತ್ತರೆ ಕಟ್ಟಿದವನಿಗೆ ಸಾವು. ವರ್ಷದ ಬಾಡಿಗೆ ತಗೊಂಡು ಅವಧಿಗೆ ಮೊದಲೇ ಬಾಡಿಗೆದಾರನನ್ನು ಹೊರಗೆ ಹಾಕಿದ ಒಡೆಯ ಆ ಹಣವನ್ನೇ ಕಳೆದುಕೊಳ್ಳುತ್ತಾನೆ. ಪ್ರಾಣಕ್ಕೆ ಪ್ರಾಣ ನನಗೆ ಬೇಡ. ಆದರೆ ಆ ಕಾನೂನಿನಲ್ಲಿ ಯಾರ ಕೈಯಲ್ಲಿ ಏನಿತ್ತೋ ಅದಕ್ಕೆ ಅವನೇ ಹೊಣೆ. ಕಟ್ಟುವವನಿಗೆ ಗೋಡೆ, ಒಡೆಯನಿಗೆ ಕೊಟ್ಟ ಮಾತು. ನನ್ನ 17 ಪುಟದ ಕರಾರಿನಲ್ಲಿ ‘ದಂಡ’ ಅನ್ನುವ ಪದ ಎಲ್ಲೆಲ್ಲಿ ಬರುತ್ತದೆ ಅಂತ ಪೆನ್ನು ಹಿಡಿದು ಗುರುತು ಮಾಡಿದೆ. ಒಂಬತ್ತು ಕಡೆ. ಆರು ಬಾಡಿಗೆದಾರರಿಗೆ, ಮೂರು ನನಗೆ. ಮನೆಯ ಬೀಗ, ರಿಪೇರಿ, ದೂರು, ಹಣ ಎಲ್ಲ ಯಾರ ಕೈಯಲ್ಲಿತ್ತೋ ಅವರಿಗೆ ಒಂದೂ ಇಲ್ಲ.

ಈ ಗುರುತು ಮಾಡುವ ಕೆಲಸವನ್ನು ಸಹಿ ಹಾಕುವ ಮೊದಲು ಮಾಡಿ. ಅರ್ಧ ಗಂಟೆ ಸಾಕು.

ಲಾಯರ್ ಒಬ್ಬರನ್ನು ಕಂಡೆ. ಕರಾರಿನಲ್ಲಿ ಬರೆದ ಮಾತ್ರಕ್ಕೆ ಎಲ್ಲವೂ ನಿಲ್ಲುವುದಿಲ್ಲ ಅಂದರು. ಬ್ರಿಟನ್‌ನಲ್ಲಿ 1977ರ ಕಾನೂನೊಂದು ಇದೆ. ವ್ಯಾಪಾರಸ್ಥರು ತಮ್ಮ ನಿರ್ಲಕ್ಷ್ಯದಿಂದ ಆದ ಸಾವು, ಗಾಯದ ಹೊಣೆಯನ್ನು ಕರಾರಿನ ಸಾಲಿನಿಂದ ಕಳಚಿಕೊಳ್ಳುವಂತಿಲ್ಲ. ಭಾರತದ 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ದಂಡದ ಮೊತ್ತ ಹೆಚ್ಚೆಂದರೆ ಒಂದು ಮಿತಿ. ಕೋರ್ಟ್ ಅದರೊಳಗೆ ನ್ಯಾಯ ಅನ್ನಿಸಿದಷ್ಟು ಪರಿಹಾರ ಕೊಡಿಸುತ್ತದೆ. ಒಂದೊಂದು ಕಡೆ ಒಂದೊಂದು ನಿಯಮ. ಆದರೆ ಒಂದು ಮಾತು ಅವರು ಒತ್ತಿ ಹೇಳಿದರು. ಕಂಪನಿ ನಿಮ್ಮ ಪರವಾಗಿ ಕೆಲಸ ಮಾಡಿದೆ. ಬಾಡಿಗೆದಾರರು ನಿಮ್ಮನ್ನೇ ಕೇಳಬಹುದು. ನೀವು ಆಮೇಲೆ ಕಂಪನಿಯನ್ನು ಕೇಳಬೇಕು. ಕೇಳುವ ದಾರಿಯನ್ನು 11ನೇ ಷರತ್ತಿಗೆ ಸಹಿ ಹಾಕಿ ನೀವೇ ಕಿರಿದು ಮಾಡಿಕೊಂಡಿದ್ದೀರಿ.

ಅಷ್ಟಾದರೂ ಇನ್ನೂ ಹತ್ತು ತಿಂಗಳು ಅವರ ಜೊತೆ ಇದ್ದೆ. ಕರಾರು ತಿದ್ದೋಣ ಅಂತ ಕೇಳುತ್ತಾ ಇದ್ದೆ. ಮೂರು ಬದಲಾವಣೆ ಕೇಳಿದೆ. ಗ್ಯಾಸ್, ಕರೆಂಟ್, ನೀರು ಸೋರುವುದು, ಇವುಗಳ ದೂರು ಬಂದ ತಕ್ಷಣ ನನಗೂ ಕಾಣಬೇಕು. ಅಂಥ ದೂರಿಗೆ 24 ಗಂಟೆಯಲ್ಲಿ ಯಾರೂ ಹೋಗದಿದ್ದರೆ ಆ ತಿಂಗಳ ಶುಲ್ಕ ಬಿಡಬೇಕು. 14ನೇ ಷರತ್ತು ತುರ್ತಿನ ಸಮಯಕ್ಕೆ ಅನ್ವಯಿಸಬಾರದು. ಮೊದಲನೆಯದನ್ನು ‘ಪರಿಶೀಲಿಸುತ್ತೇವೆ’ ಅಂದರು. ಉಳಿದೆರಡಕ್ಕೆ ಆಗುವುದಿಲ್ಲ ಅಂದರು. ಹತ್ತು ತಿಂಗಳಾದರೂ ಪರಿಶೀಲನೆ ಮುಗಿಯಲಿಲ್ಲ. ಬಿಟ್ಟೆ. ಅವಧಿಗೆ ಮೊದಲು ಬಿಟ್ಟಿದ್ದಕ್ಕೆ ಮೂರು ತಿಂಗಳ ಶುಲ್ಕ ದಂಡ ಕೇಳಿದ್ದಾರೆ. ಒಂದು ತಿಂಗಳದ್ದು ಕಟ್ಟಿದ್ದೇನೆ. ಉಳಿದದ್ದಕ್ಕೆ ಲಾಯರ್ ಮೂಲಕ ಪತ್ರ ಕಳಿಸಿದ್ದೇನೆ.

ಯಾರಿಗೆ ಈ ಸೇವೆ ಆಗುತ್ತದೆ? ಮನೆಯ ಊರಿನಲ್ಲೇ ಇದ್ದು, ತಿಂಗಳಿಗೊಮ್ಮೆ ಹೋಗಿ ನೋಡಬಲ್ಲವರಿಗೆ, ಬಾಡಿಗೆ ವಸೂಲಿಯ ತಲೆನೋವು ಮಾತ್ರ ಬೇಡ ಅನ್ನುವವರಿಗೆ ಆಗಬಹುದು. ಲೆಕ್ಕದಲ್ಲಿ ಅವರು ಅಚ್ಚುಕಟ್ಟು. ನನ್ನ ಹಾಗೆ ದೂರ ಇರುವವರಿಗೆ, ಸಾಲದ ಮೇಲೆ ಮನೆ ಇರುವವರಿಗೆ ಬೇಡ. ದೂರ ಇರುವವರಿಗೇ ಇಂಥ ಸೇವೆ ಬೇಕಾಗಿರುವುದು ಅನ್ನುವುದು ನನಗೂ ಗೊತ್ತು.

ಈಗ ನನಗೆ ಬೇರೆ ಏರ್ಪಾಡು ಇದೆ. ಅದೇ ಕಟ್ಟಡದ ಕೆಲಸಗಳನ್ನು ಮಾಡುವ ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್. ಇಬ್ಬರ ನಂಬರೂ ಬಾಡಿಗೆದಾರರ ಹತ್ತಿರ ಇದೆ. ಕೆಲಸಕ್ಕೆ ಮೊದಲು, ಆದ ಮೇಲೆ ಎರಡು ಫೋಟೋ ನನಗೆ ಬರಬೇಕು. ಏನನ್ನಾದರೂ ಮುಚ್ಚುವ ಕೆಲಸ ಆದರೆ ಫೋನ್ ಮಾಡಿ ಕೇಳಬೇಕು, ಮೆಸೇಜ್ ಸಾಲದು. ಕಂಪನಿಗೆ ಕೊಡುತ್ತಿದ್ದ ಶೇ 10 ಈಗ ರಿಪೇರಿಗೆ ಅಂತ ಬೇರೆ ಖಾತೆಯಲ್ಲಿ ಕೂರುತ್ತದೆ. ಮೂರು ತಿಂಗಳಿಗೊಮ್ಮೆ ನಾನೇ ಏಳು ಗಂಟೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸುಸ್ತಾಗುತ್ತದೆ, ನಿಜ.

ಆ ಸಂಸಾರ ಮನೆ ಬಿಟ್ಟು ಹೋಗಲಿಲ್ಲ. ಹೋಗುತ್ತೇವೆ ಅಂದಿದ್ದರೆ ನೋಟಿಸ್ ಇಲ್ಲದೆ, ಅಡ್ವಾನ್ಸ್‌ನಲ್ಲಿ ಒಂದು ಪೈಸೆ ಹಿಡಿಯದೆ ಕಳಿಸಿಕೊಡುತ್ತಿದ್ದೆ. ತಿಂಗಳ ಮೊದಲ ದಿನ ಆ ಅತ್ತೆಯವರೇ ಅಲಾರಂನ ಟೆಸ್ಟ್ ಬಟನ್ ಒತ್ತಿ, ಅದು ಕೂಗುವುದನ್ನು ರೆಕಾರ್ಡ್ ಮಾಡಿ ನನಗೆ ಕಳಿಸುತ್ತಾರೆ.